ದೋಹಾದಲ್ಲಿ ಅಣ್ಣನ ಬಳಿ

ಫೋನು ಬಂದಾಗ ನಾನು ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿನ ಒಂದು ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ ನಿಂತು ಕಾರಿನ ಡಿಕ್ಕಿಗೆ ಸಾಮಾನು ತುಂಬುತ್ತಿದ್ದೆ. ಚಳಿಗಾಲದ ಮಧ್ಯಾಹ್ನ. ಬೆಳಗಿನಿಂದ ಕವಿದಿದ್ದ ಮಂಜು ಆಗಷ್ಟೇ ಕರಗಿ ಕಾರುಗಳ ಗಾಜಿನ ಮೇಲೆಲ್ಲ ನೀರು ಇಳಿಯುತ್ತಿತ್ತು. ಫೋನಿನ ಮೇಲೆ ಅಣ್ಣನ ಫೋಟೊ ಮೂಡಿತು. ಅಣ್ಣ ಫೋನು ಮಾಡುವುದು ಶುಕ್ರವಾರ, ನಮಾಜು ಮುಗಿಸಿ, ಊಟ ಮಾಡಿ. ಅಂದು ಮಂಗಳವಾರ.

"ಅಕ್ಕಾರ, ನಾ ನಿಮ್ಮಣ್ಣನ ರೂಮ್‌ಮೇಟ್ ಮಾತಾಡಾಕತ್ತೀನ್ರಿ," ಎಂದಿತು ಆ ಕಡೆಯ ದನಿ.

ಆ ದನಿಯ ಪರಿಚಯ ನನಗಿತ್ತು. ಬಾಗಲಕೋಟೆ ಕಡೆಯವರು, ಕ್ರೇನ್ ಆಪರೇಟರ್. ದೋಹಾದಲ್ಲಿ ಬಹಳ ವರ್ಷಗಳಿಂದ ಅಣ್ಣನ ಕೋಣೆಯಲ್ಲೇ ಇದ್ದವರು. ಅಣ್ಣ ವಿಡಿಯೊ ಕಾಲ್ ಮಾಡಿದಾಗೆಲ್ಲ ಹಿಂದೆ ರೊಟ್ಟಿ ಬಡಿಯುತ್ತಲೋ ಅಂಗಿ ಇಸ್ತ್ರಿ ಮಾಡುತ್ತಲೋ ಕಾಣಿಸಿಕೊಂಡು, ಕೈ ಎತ್ತಿ ನಮಸ್ಕಾರ ಹೇಳಿ ಸರಿದುಹೋಗುತ್ತಿದ್ದರು.

"ಮುಂಜಾನಿ ಡ್ಯೂಟಿಗೆ ಹೊಂಡೂ ಹೊತ್ತಿಗೆ ಬಾತ್‌ರೂಮಿನ್ಯಾಗ ಬಿದ್ದಿದ್ರ್ರಿ. ಅಂಬ್ಯುಲೆನ್ಸಿನ್ಯಾಗ ಕರಕೊಂಡು ಬಂದೀವಿ. ತಲ್ಯಾಗ ರಕ್ತನಾಳ ಒಡದೈತಿ ಅನ್ನಾಕತ್ತಾರ."

"ಕಣ್ಣ ತಗದಿದ್ನೇನ್ರಿ? ಕೈಕಾಲು ಅಲುಗಿಸಿದ್ನೇನು?"

"ಇಲ್ರಿ."

"ಬಾಯಿಗೆ ಪೈಪ್ ಹಾಕ್ಯಾರ?"

"ಹಾಕ್ಯಾರ್ರಿ. ಮಷಿನ್ ಮ್ಯಾಲ ಇಟ್ಟಾರ."

ನಾನು ಇಲ್ಲಿನ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ನರ್ಸು. ಮುಂದೆ ಕೇಳುವುದೇನೂ ಉಳಿದಿರಲಿಲ್ಲ. ಹಾಲಿನ ಕ್ಯಾನು ಉರುಳದ ಹಾಗೆ ಅಕ್ಕಿ ಚೀಲಕ್ಕೆ ಒತ್ತರಿಸಿಟ್ಟು, ಡಿಕ್ಕಿ ಮುಚ್ಚಿ, ಟ್ರಾಲಿಯನ್ನು ಅದರ ಜಾಗಕ್ಕೆ ಬಿಟ್ಟು ಬಂದೆ. ಅಷ್ಟನ್ನೂ ಮಾಡಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಮನೆಗೆ ಹೇಗೆ ಬಂದೆನೋ ಅದು ನೆನಪಿಲ್ಲ.

ಅಣ್ಣನ ಹೆಂಡತಿ ಮಕ್ಕಳು ಇರುವುದು ರಾಣೆಬೆನ್ನೂರಿನಲ್ಲಿ. ಅತ್ತಿಗೆಗೆ ಪಾಸ್‌ಪೋರ್ಟ್ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಮಗನದು ಇನ್ನೂ ಅರ್ಜಿಯ ಹಂತದಲ್ಲಿತ್ತು. ನನ್ನ ಕೈಯಲ್ಲಿದ್ದದ್ದು ನ್ಯೂಜಿಲೆಂಡಿನ ಪಾಸ್‌ಪೋರ್ಟು. ಅದನ್ನು ಹಿಡಿದು ಹೋದರೆ ಕತಾರಿನಲ್ಲಿ ಇಳಿದ ಕೂಡಲೇ ಮುದ್ರೆ ಒತ್ತಿ ಒಳಗೆ ಬಿಡುತ್ತಾರೆ. ಎಲ್ಲರಿಗಿಂತ ದೂರ ಇದ್ದವಳೇ ಎಲ್ಲರಿಗಿಂತ ಬೇಗ ತಲುಪುವಂತಾಯಿತು.

ಮರುದಿನ ನನ್ನ ಗಂಡ ಆಕ್ಲೆಂಡಿನ ವಿಮಾನ ನಿಲ್ದಾಣಕ್ಕೆ ಬಿಡಲು ಬಂದರು. ಅವರು ಹಾಲಿನ ಪುಡಿ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ, ಹೆಚ್ಚು ಮಾತಿನವರಲ್ಲ. ದಾರಿಯಲ್ಲಿ ಪುಕೆಕೊಹೆ ಕಡೆಯ ಹೊಲಗಳು ಕಂಡಾಗ, "ಈರುಳ್ಳಿ ಹಾಕ್ಯಾರ ನೋಡು," ಎಂದರು. "ಹೂಂ," ಎಂದೆ. ಹಿಂದಿನ ಸೀಟಿನಲ್ಲಿದ್ದ ಮಗಳು ನನ್ನ ದಪ್ಪ ಜಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳಿಗೆ ಹದಿನಾಲ್ಕು. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಮಮ್, ಈಸ್ ಮಾಮಾ ಗೋಯಿಂಗ್ ಟು ಬಿ ಓಕೆ?" ಎಂದಳು. "ನೋಡೋಣ," ಎಂದೆ. ವಾರ್ಡಿನಲ್ಲಿ ಮನೆಯವರು ಕೇಳಿದಾಗ ನಾನು ಹೇಳುವ ಮಾತೂ ಅದೇ.

ದೋಹಾಕ್ಕೆ ನಾನು ಅದಕ್ಕೆ ಮೊದಲು ಒಮ್ಮೆ ಹೋಗಿದ್ದೆ, ಹೋಗಿಯೂ ನೋಡಿರಲಿಲ್ಲ. ಊರಿಗೆ ಹೋಗುವಾಗ ಅಲ್ಲಿ ವಿಮಾನ ಬದಲಿಸಬೇಕಿತ್ತು; ಮಧ್ಯೆ ಸಿಕ್ಕ ಬಿಡುವು ಬಹಳ ಕಡಿಮೆ. ಹೊರಗೆ ಬರಲಾಗುವುದಿಲ್ಲ, ಬರಬೇಡ ಎಂದು ಹೇಳಿದ್ದರೂ ಅಣ್ಣ ನಿಲ್ದಾಣದ ಬಾಗಿಲಿಗೆ ಬಂದು ನಿಂತಿದ್ದ. ನಾನು ಒಳಗಿನಿಂದ ಫೋನು ಮಾಡಿದೆ. "ತಂಗೆವ್ವಾ, ಗ್ವಾಡಿ ಆ ಕಡೆ ನೀ, ಈ ಕಡೆ ನಾ," ಎಂದು ನಕ್ಕ. ಮಗಳಿಗೆಂದು ಖರ್ಜೂರದ ಡಬ್ಬಿ ತಂದಿದ್ದನಂತೆ. ಅಲ್ಲಿ ನಿಂತಿದ್ದ ಒಬ್ಬ ಟ್ಯಾಕ್ಸಿಯವನಿಗೆ ಕೊಟ್ಟು ಬಂದೆ ಎಂದು ಆಮೇಲೆ ಹೇಳಿದ.

ಅವನು ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವನು. ನಮ್ಮಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ನಮ್ಮದು ಮುಸ್ಲಿಂ ಮನೆಯಾದರೂ ಮನೆಮಾತು ಕನ್ನಡವೇ. ಅವ್ವನಿಗೆ ಉರ್ದು ಬರುತ್ತಿರಲಿಲ್ಲ. ಫೋಮಿನ ಗಾದಿಗಳು ಬಂದು ಅಪ್ಪನ ಕೆಲಸ ಕಡಿಮೆಯಾದಾಗ ಅಣ್ಣ ಡ್ರೈವಿಂಗ್ ಕಲಿತು ಕತಾರಿಗೆ ಹೋದ. ಕೆಲಸಗಾರರನ್ನು ಕ್ಯಾಂಪಿನಿಂದ ಕಟ್ಟಡಗಳಿಗೆ ಕರೆದೊಯ್ಯುವ ಬಸ್ಸು ಓಡಿಸುವುದು ಅವನ ಕೆಲಸ. ಕಳಿಸುತ್ತಿದ್ದ ಫೋಟೊಗಳೆಲ್ಲ ಕಡಲ ದಂಡೆಯವು. ಹಿಂದೆ ಗಾಜಿನ ಗೋಪುರಗಳು, ಮುಂದೆ ಅವನು, ಕಪ್ಪು ಕನ್ನಡಕ. ಅವನು ಆ ಗೋಪುರಗಳ ನಡುವೆಯೇ ಎಲ್ಲೋ ಇದ್ದಾನೆಂದು ನಾನು ಬಹಳ ಕಾಲ ತಿಳಿದಿದ್ದೆ.

ಆಸ್ಪತ್ರೆಗೆ ನನ್ನನ್ನು ಕರೆದುಕೊಂಡು ಹೋದವರು ಆ ಬಾಗಲಕೋಟೆಯವರು. ಬೆಳಗಿನ ಹೊತ್ತಿಗೇ ಬಿಸಿಲು ಮುಖಕ್ಕೆ ಒಲೆಯ ಝಳದಂತೆ ಬಡಿಯುತ್ತಿತ್ತು. ಹ್ಯಾಮಿಲ್ಟನ್ನಿನ ಚಳಿಗೆಂದು ತೊಟ್ಟು ಬಂದ ಜಾಕೆಟ್ಟನ್ನು ನಾನು ಕಂಕುಳಲ್ಲಿ ಅವುಚಿಕೊಂಡಿದ್ದೆ. "ಕೊಡ್ರಿ, ನಾ ಹಿಡೀತೀನಿ," ಎಂದರು. ಕೊಡಲಿಲ್ಲ. ಯಾಕೋ ಗೊತ್ತಿಲ್ಲ, ಆ ನಾಲ್ಕು ದಿನವೂ ಅದನ್ನು ಹೋದಲ್ಲೆಲ್ಲ ಹೊತ್ತುಕೊಂಡು ತಿರುಗಿದೆ.

ಐಸಿಯುವಿನ ಒಳಗೆ ಹೋದಾಗ ನಾನು ಮೊದಲು ನೋಡಿದ್ದು ಅಣ್ಣನ ಮುಖವನ್ನಲ್ಲ, ಮಾನಿಟರನ್ನು. ಆಮೇಲೆ ವೆಂಟಿಲೇಟರಿನ ಅಂಕಿಗಳನ್ನು. ಆಮೇಲೆ ಮಂಚದ ಪಕ್ಕಕ್ಕೆ ಬಾಗಿ ಮೂತ್ರದ ಚೀಲವನ್ನು. ಮುಖಕ್ಕೆ ಬಂದದ್ದು ಕಡೆಗೆ. ಗಡ್ಡದಲ್ಲಿ ಬಿಳಿಕೂದಲು ಹೆಚ್ಚಾಗಿದ್ದವು. ವಿಡಿಯೊದಲ್ಲಿ ಅದು ಅಷ್ಟು ಕಂಡಿರಲಿಲ್ಲ.

ಪಾಳಿಯಲ್ಲಿದ್ದ ನರ್ಸು ಮಲಯಾಳಿ ಹೆಂಗಸು. "ನೀವೂ ನರ್ಸಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಹೌದು. ಹೇಗೆ ಗೊತ್ತಾಯಿತು?"

"ನೋಡಿದರೆ ತಿಳಿಯುತ್ತೆ," ಎಂದಷ್ಟೇ ಹೇಳಿ ಕುರ್ಚಿ ಎಳೆದುಕೊಟ್ಟಳು. ಟಾರ್ಚಿನಿಂದ ಅಣ್ಣನ ಕಣ್ಣು ಪರೀಕ್ಷೆ ಮಾಡುವಾಗ ಅವಳು ನನ್ನ ಮುಖ ನೋಡಲಿಲ್ಲ. ನಾನೂ ನನ್ನ ಪಾಳಿಯಲ್ಲಿ ಮನೆಯವರ ಮುಖ ನೋಡುವುದಿಲ್ಲ. ಬೆಳಕು ಬಿದ್ದರೂ ಪಾಪೆ ಕಿರಿದಾಗಲಿಲ್ಲ. ಇಬ್ಬರಿಗೂ ಕಂಡಿತು. ಅವಳು ಟಾರ್ಚನ್ನು ಜೇಬಿಗಿಟ್ಟುಕೊಂಡು ಅಣ್ಣನ ಹಣೆ ಒರೆಸಿದಳು.

ಡಾಕ್ಟರು ಬಂದು ಎಲ್ಲವನ್ನೂ ಸಾವಧಾನವಾಗಿ ಹೇಳಿದರು. ಒಳ್ಳೆಯ ಮನುಷ್ಯ. ಹೇಳಿದ್ದರಲ್ಲಿ ನನಗೆ ಹೊಸದೇನೂ ಇರಲಿಲ್ಲ. ಹೊರಗೆ ಬಂದರೆ ಕಾರಿಡಾರಿನಲ್ಲಿ ಬಾಗಲಕೋಟೆಯವರ ಜೊತೆಗೆ ಅಣ್ಣನ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಐದಾರು ಮಂದಿ ನಿಂತಿದ್ದರು. ತೆಲುಗರು, ನೇಪಾಳಿಗಳು, ಒಬ್ಬ ಬಂಗಾಳದವನು. ನ್ಯೂಜಿಲೆಂಡಿನಿಂದ ಅಣ್ಣನ ತಂಗಿ ನರ್ಸು ಬರುತ್ತಾಳಂತೆ ಎಂಬ ಸುದ್ದಿ ಅವರಲ್ಲೆಲ್ಲ ಹಬ್ಬಿತ್ತು. ನಾನು ಬಂದರೆ ಏನೋ ಆಗುತ್ತದೆ ಎಂಬ ಹಾಗೆ ನನ್ನನ್ನೇ ನೋಡುತ್ತಿದ್ದರು.

"ಏನಂತಾರ್ರಿ ಅಕ್ಕಾರ?"

ನಾನು ತಲೆ ಅಲ್ಲಾಡಿಸಿದೆ. ಬಾಗಲಕೋಟೆಯವರು ಅದನ್ನು ಹಿಂದಿಯಲ್ಲಿ ಅವರಿಗೆ ಹೇಳಿದರು. ಅಷ್ಟು ಸಣ್ಣ ಸನ್ನೆಗೆ ಅವರು ಬಹಳ ಮಾತು ಬಳಸಿದರು.

ಅತ್ತಿಗೆಗೆ ಹೇಳಬೇಕಾದವಳು ನಾನು. ಫೋನಿನಲ್ಲಿ ಅವಳ ಸುತ್ತ ತುಂಬ ಜನರ ಸದ್ದಿತ್ತು. "ವೈನಿ, ಮಿದುಳಿನ್ಯಾಗ ಭಾಳ ರಕ್ತ ಸೋರೈತಿ. ಉಸಿರು ಮಷಿನ್ ಕೊಡಾಕತ್ತೈತಿ. ಅವಂಗ ನೋವೇನೂ ಗೊತ್ತಾಗೂದಿಲ್ಲ..."

"ನೀ ದವಾಖಾನಿ ಮಾತು ಆಡಬ್ಯಾಡ, ತಂಗಿ," ಎಂದಳು ಅತ್ತಿಗೆ. "ಹೋಗ್ಯಾರೋ ಅದಾರೋ, ಅಷ್ಟ ಹೇಳು."

ಆಗ ನನ್ನ ದನಿ ನನ್ನ ಕಿವಿಗೇ ಬಿತ್ತು. ದಿನವೂ ಅಪರಿಚಿತರಿಗೆ ಬಳಸುವ ಮೆತ್ತಗಿನ, ಸಮತಟ್ಟಾದ ದನಿ. ಬೇರೆ ದನಿ ತರಲು ನೋಡಿದೆ, ಬರಲಿಲ್ಲ. "ಉಳಿಯೂದಿಲ್ಲ ವೈನಿ," ಎಂದೆ. ಅತ್ತಿಗೆ ಫೋನನ್ನು ಯಾರ ಕೈಗೋ ಕೊಟ್ಟಳು. ಕುಕ್ಕರಿನ ಸೀಟಿಯೊಂದು ಕೇಳಿಸಿತು.

ಮರುದಿನ ಬೆಳಿಗ್ಗೆ ಅಣ್ಣನ ಹೃದಯ ತಾನಾಗಿ ನಿಂತಿತು. ನಾನು ಪಕ್ಕದಲ್ಲೇ ಇದ್ದೆ. ಪ್ರಾಣ ಹೋಗುವಾಗ ಹೇಳುವ ಕಲಿಮವನ್ನು ಬಾಯಿಯಲ್ಲಿ ಹೇಳಿದೆ. ಅಕ್ಷರಗಳು ಸರಿಯಾಗಿಯೇ ಬಂದವು. ಮಲಯಾಳಿ ನರ್ಸು ನನ್ನ ಬೆನ್ನ ಮೇಲೆ ಕೈಯಿಟ್ಟಳು. ನಾನು ಅವಳಿಗೆ ಥ್ಯಾಂಕ್ಸ್ ಹೇಳಿ, ಅಣ್ಣನ ಕೈಗೆ ಅಂಟಿಸಿದ್ದ ಪ್ಲಾಸ್ಟರನ್ನು ಕೂದಲು ಎಳೆಯದ ಹಾಗೆ ನಿಧಾನವಾಗಿ ಬಿಡಿಸಿದೆ.

ಹೆಣವನ್ನು ಊರಿಗೆ ಕಳಿಸುವುದೋ ಅಲ್ಲೇ ದಫನ್ ಮಾಡುವುದೋ ಎಂಬ ಮಾತು ಬಂತು. ಊರಿನಿಂದ ಚಿಕ್ಕಪ್ಪ ಸಿಟ್ಟಿನಿಂದ ಫೋನು ಮಾಡಿದರು. "ನಮ್ಮ ಮಣ್ಣಿನ್ಯಾಗ ಇಡಬೇಕು. ಅಪ್ಪನ ಮಗ್ಗಲದಾಗ ಜಾಗ ಐತಿ. ಅಷ್ಟು ದೂರದಾಕಿ ನೀ ಬಂದೀದಿ, ನಿನ್ನ ಕೂಡ ಅವನ್ನ ಕರಕೊಂಡು ಬಾ." ಸರಿ ಎನಿಸಿತು. ಅಣ್ಣನ ಕಂಪನಿಯವರೂ ಹಾಗೆಯೇ ಏರ್ಪಾಡು ಮಾಡುತ್ತೇವೆ ಎಂದರು. ಆಮೇಲೆ ಅತ್ತಿಗೆಯೇ ಫೋನು ಮಾಡಿದಳು. ಈಗ ಅವಳ ಸುತ್ತ ಸದ್ದಿರಲಿಲ್ಲ, ಹಿತ್ತಲಿಗೆ ಬಂದಿರಬೇಕು.

"ಅಲ್ಲೇ ಮಣ್ಣು ಮಾಡ್ರಿ, ತಂಗಿ."

"ಚಿಕ್ಕಪ್ಪ ಬ್ಯಾರೆ ಅಂತಾರ, ವೈನಿ."

"ಅನ್ನಲಿ. ಪೆಟ್ಟಿಗಿ ಒಳಗ ಬಂದ್ರ ಅದನ್ನ ತಗದು ನೋಡೂದು ನನ್ನ ಕೈಲೆ ಆಗೂದಿಲ್ಲ. ವರ್ಷಕ್ಕೊಮ್ಮೆ ಬ್ಯಾಗು ಹೆಗಲಿಗೆ ಹಾಕ್ಕೊಂಡು ನಕ್ಕೋತ ಬಾಗಲದಾಗ ಬಂದು ನಿಂದರ್ತಿದ್ರು. ನನಗ ಅವ್ರು ಹಂಗ ಇರಲಿ."

"ಮಕ್ಕಳು?"

"ಮಕ್ಕಳನ್ನ ಕೇಳೇ ಹೇಳಾಕತ್ತೀನಿ. ಮಗ ಅತ್ತಾನ. ಅತ್ತು ಹೂಂ ಅಂದಾನ. ನೀ ಒಮ್ಮೆ ಮಾರಿ ನೋಡಿ ಕಳಸು, ಸಾಕು."

ಚಿಕ್ಕಪ್ಪ ಇಂದಿಗೂ ನನ್ನ ಜೊತೆ ಮಾತಾಡುವುದಿಲ್ಲ. ಅತ್ತಿಗೆ ಹೇಳಿದಳೆಂದು ನಾನು ಅವರಿಗೆ ಹೇಳಲಿಲ್ಲ, ನನ್ನದೇ ತೀರ್ಮಾನ ಎಂದೆ. ಅವಳು ಅವರ ನಡುವೆ ಬದುಕಬೇಕಾದವಳು. ನಾನು ಹೇಗೂ ದೂರದವಳು.

ಮೈ ತೊಳೆದು ಕಫನ್ನಿನ ಬಿಳಿ ಬಟ್ಟೆ ಸುತ್ತಿದ ಮೇಲೆ ಮುಖ ತೋರಿಸಿದರು. ಬಹಳ ಚೊಕ್ಕಟವಾಗಿ ಮಾಡಿದ್ದರು. ಗಡ್ಡ ಬಾಚಿದ್ದರು. ಅತ್ತಿಗೆಯ ಪರವಾಗಿ ನೋಡುತ್ತಿದ್ದೇನೆ ಎಂದುಕೊಂಡು ನೋಡಿದೆ. ಹುಬ್ಬು, ಮೂಗು, ಸಣ್ಣವನಿದ್ದಾಗ ಸೈಕಲ್ಲಿನಿಂದ ಬಿದ್ದು ಗಲ್ಲದ ಮೇಲೆ ಆಗಿದ್ದ ಗೆರೆ. ಮನೆಯವರಿಗೆ ಹೇಳಲು ಬೇಕಾಗುತ್ತದೆಂದು ಒಂದೊಂದನ್ನೇ ನೆನಪಿಟ್ಟುಕೊಂಡೆ.

ಬಾಗಲಕೋಟೆಯವರು ಕಂಪನಿಯಿಂದ ಕೇಳಿ ತಂದಿದ್ದ ಕಾರು ಖಬರಸ್ತಾನದ ಗೇಟಿನ ಬಳಿ ನಿಂತಿತು. ಊರಿನಲ್ಲಿ ನಮ್ಮ ಮನೆಯ ಹೆಂಗಸರು ದಫನ್ನಿಗೆ ಹೋಗುವುದಿಲ್ಲ. ಇಲ್ಲಿಯೂ ಗಂಡಸರೇ ಇಳಿದರು. ನನಗೆ ಯಾರೂ ಇಳಿಯಬೇಡ ಎನ್ನಲಿಲ್ಲ, ನಾನಾಗಿಯೇ ಕಾರಿನೊಳಗೆ ಉಳಿದೆ. ಮರಳಿನ ಬಣ್ಣದ ಗೋಡೆ, ಅದರಾಚೆ ಮರಳಿನ ಬಣ್ಣದ್ದೇ ನೆಲ. ಹೆಗಲು ಕೊಟ್ಟವರು ಸಾಲಾಗಿ ಒಳಗೆ ಹೋದರು. ಬಾಗಲಕೋಟೆಯವರು ಅವರ ಹಿಂದೆ ನಾಲ್ಕು ಹೆಜ್ಜೆ ಹೋಗಿ, ನಿಂತು, ತಿರುಗಿ ಬಂದು ಡ್ರೈವರ್ ಸೀಟಿನಲ್ಲಿ ಕೂತರು.

"ನೀವು ಹೋಗ್ರಿ," ಎಂದೆ. "ನಿಮ್ಮನ್ನ ಯಾರ ಏನ್ ಅಂತಾರ?"

"ಯಾರೂ ಏನೂ ಅನ್ನೂದಿಲ್ರಿ. ನಾ ಬ್ಯಾರೆ ಜಾತ್ಯಾಂವ ಅಂತ ಇಲ್ಲಿ ಯಾರೂ ಕೇಳೂದಿಲ್ಲ. ಆದ್ರ ನೀವೊಬ್ರ ಆಗ್ತೀರಿ."

ಎಸಿ ಜೋರು ಮಾಡಿದರು. ಇಬ್ಬರೂ ಗೋಡೆ ನೋಡುತ್ತ ಕೂತೆವು. ಅಣ್ಣನನ್ನು ಹೆಚ್ಚು ಬಲ್ಲ ಇಬ್ಬರು ಹೊರಗೆ ಕೂತಿದ್ದೆವು. ಒಳಗೆ ಅವನ ಬಸ್ಸಿನವರು ಮಣ್ಣು ಹಾಕುತ್ತಿದ್ದರು.

"ಭಾಳ ಗೊರಕಿ ಹೊಡೀತಿದ್ರ್ರಿ," ಎಂದರು ಅವರು. "ಮೊದಲ ವರ್ಷ ಬ್ಯಾರೆ ರೂಮ್ ಕೊಡ್ರಿ ಅಂತ ಸೂಪರ್‌ವೈಸರ್‌ಗೆ ಹೇಳಿದ್ದೆ. ಸಿಗಲಿಲ್ಲ. ಆಮ್ಯಾಲ ಅವ್ರು ರಜಾಕ್ಕ ಊರಿಗೆ ಹೋದ್ರ ನನಗ ನಿದ್ದಿ ಬರ್ತಿರಲಿಲ್ಲ."

"ಸಣ್ಣಾಂವ ಇದ್ದಾಗಿಂದೂ ಹಂಗ," ಎಂದೆ. "ಅವ್ವ ಅವನ್ನ ಪಡಸಾಲ್ಯಾಗ ಮಲಗಸ್ತಿದ್ಲು."

ಅವರು ನಕ್ಕರು. ನಕ್ಕು, ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಅತ್ತರು. ದೊಡ್ಡ ಆಳು, ಕಾರೇ ಅಲುಗಿತು. ನಾನು ಟಿಶ್ಯೂ ಡಬ್ಬಿಯನ್ನು ಅವರತ್ತ ಸರಿಸಿದೆ. ನನಗೆ ಅಳು ಬರಲಿಲ್ಲ. ಹಸಿವಾಗಿತ್ತು. ಹಸಿವಾಗಿದೆ ಎಂದೆ. ಅವರು ಮುಖ ಒರೆಸಿಕೊಂಡು ಹಿಂದಿನ ಸೀಟಿನಿಂದ ಒಂದು ಬುತ್ತಿ ತೆಗೆದರು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಬೆಳಿಗ್ಗೆ ಎದ್ದು ಮಾಡಿದ್ದರಂತೆ. ಅಣ್ಣನಿಗೆ ಮಣ್ಣು ಕೊಡುತ್ತಿರುವಾಗ ನಾನು ಕಾರಿನಲ್ಲಿ ಕೂತು ಎರಡು ರೊಟ್ಟಿ ತಿಂದೆ. ರುಚಿಯಾಗಿತ್ತು.

ಸಂಜೆ ಅವರು ನನ್ನನ್ನು ಕಡಲ ದಂಡೆಗೆ ಕರೆದೊಯ್ದರು. "ನಿಮ್ಮನ್ನ ಕರಕೊಂಡು ಬರಬೇಕಂತ ಅವ್ರಿಗೆ ಭಾಳ ಇತ್ತು," ಎಂದರು. ಕ್ಯಾಂಪಿನಿಂದ ಅಲ್ಲಿಗೆ ಬಹಳ ದೂರ. ಶುಕ್ರವಾರ ಮಾತ್ರ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಸ್ಸು ಹಿಡಿದು ಇಬ್ಬರೂ ಬರುತ್ತಿದ್ದರಂತೆ. ಫೋಟೊದಲ್ಲಿದ್ದದ್ದೆಲ್ಲ ಅಲ್ಲಿತ್ತು. ಗಾಜಿನ ಗೋಪುರಗಳು, ಮರದ ದೋಣಿಗಳು, ಮಿರುಗುವ ಹಾದಿ, ನೀರು ಕುಡಿಸಿ ಬೆಳೆಸಿದ ಹುಲ್ಲು. ಮಕ್ಕಳು ಸ್ಕೂಟರ್ ಓಡಿಸುತ್ತಿದ್ದರು. ಅವರು ಎರಡು ಕರಕ್ ಚಹಾ ತಂದರು. ಏಲಕ್ಕಿ ಹಾಕಿ ಕುದಿಸಿದ ಗಟ್ಟಿ ಚಹಾ. ಎಷ್ಟು ಶ್ರೀಮಂತ ದೇಶ, ಎಷ್ಟು ಚಿಕ್ಕದು ಎಂದುಕೊಂಡೆ. ಇದನ್ನು ಒಂದು ದಿನದಲ್ಲಿ ಸುತ್ತಿ ಮುಗಿಸಬಹುದು. ಅಣ್ಣ ಇದರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಬಸ್ಸು ಓಡಿಸಿದ್ದ. ಇಂಥದ್ದೆಲ್ಲ ಯೋಚನೆ ಬಂತು, ಹೋಯಿತು. ಯಾವುದೂ ಒಳಗೆ ತಾಗಲಿಲ್ಲ. ನನ್ನ ಒಂದು ಫೋಟೊ ತೆಗೆಯಲೇ ಎಂದು ಕೇಳಿದರು. ಬೇಡ ಎನ್ನಲೂ ಬೇಸರವಾಗಿ ನಿಂತೆ. ಆ ಫೋಟೊದಲ್ಲಿ ನಾನು ತುಸು ನಗುತ್ತಿದ್ದೇನೆ. ಕೈಯಲ್ಲಿ ಜಾಕೆಟ್ಟಿದೆ.

ಹೊರಡುವ ದಿನ ಕ್ಯಾಂಪಿನ ಕೋಣೆಗೆ ಹೋದೆ. ಒಂದರ ಮೇಲೊಂದು ಮಂಚ, ಅಣ್ಣನದು ಕೆಳಗಿನದು. ಬಟ್ಟೆಗಳನ್ನೆಲ್ಲ ಬಾಗಲಕೋಟೆಯವರು ಮಡಿಸಿ ಸೂಟ್‌ಕೇಸಿನಲ್ಲಿ ಇಟ್ಟಿದ್ದರು. ಊರಿಗೆ ಹೋಗುವ ಯಾರ ಜೊತೆಗಾದರೂ ಕಳಿಸುತ್ತೇನೆ ಎಂದರು. ಮಂಚದ ಮೇಲೆ ಒಂದು ದಿಂಬು ಉಳಿದಿತ್ತು. ನೋಡಿದ ಕೂಡಲೇ ಅಪ್ಪನ ಹೊಲಿಗೆ ಎಂದು ತಿಳಿಯಿತು. ಮೂಲೆಯಲ್ಲಿ ದಾರವನ್ನು ಎರಡು ಸುತ್ತು ಹಾಕಿ ಎಳೆಯುವ ಅವರ ರೀತಿ. ಕೈಗೆತ್ತಿಕೊಂಡೆ. ಹತ್ತಿ ಗಟ್ಟಿಯಾಗಿ ಗಂಟುಗಟ್ಟಿತ್ತು.

ಬಾಗಲಕೋಟೆಯವರು ಬಾಗಿಲಲ್ಲಿ ನಿಂತು ಕೇಳಿದರು: "ಅಕ್ಕಾರ, ಅದೊಂದು ನನಗ ಇರಲೇನ್ರಿ?"

ಅದನ್ನು ನಾನು ಒಯ್ಯಬೇಕಿತ್ತು. ಅಪ್ಪನ ಕೈಯದು ಬೇರೇನೂ ನನ್ನ ಬಳಿ ಇಲ್ಲ. ಆದರೆ ಕೊಡುವುದಿಲ್ಲ ಎನ್ನುವಷ್ಟು ಆಸೆಯೂ ಆಗ ನನ್ನಲ್ಲಿ ಹುಟ್ಟಲಿಲ್ಲ. "ಇಟ್ಕೋರಿ," ಎಂದೆ. ಅವರು ಅದನ್ನು ತೆಗೆದು ಮೇಲಿನ ಮಂಚದಲ್ಲಿ, ತಮ್ಮ ಜಾಗದಲ್ಲಿ ಇಟ್ಟರು. ಕೊಟ್ಟದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ. ನೆನಪಾದಾಗ ಕೈಗೆ ಆ ಹತ್ತಿಯ ಗಂಟುಗಳು ಸಿಕ್ಕ ಹಾಗಾಗುತ್ತದೆ, ಅಷ್ಟೆ.

ಹ್ಯಾಮಿಲ್ಟನ್ನಿಗೆ ಮರಳಿದ ಮೇಲಿನ ಭಾನುವಾರ ಇಲ್ಲಿನ ಕನ್ನಡದವರು ಮನೆಗೆ ಬಂದರು. ಆಸ್ಪತ್ರೆಯ ಡಾಕ್ಟರ್ ದಂಪತಿ, ಇಬ್ಬರು ನರ್ಸುಗಳು, ದಾವಣಗೆರೆಯ ಒಂದು ಮುಸ್ಲಿಂ ಕುಟುಂಬ. ಮೈಸೂರಿನ ಆಂಟಿಯೊಬ್ಬರು ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆ ಬಾತ್ ತಂದಿದ್ದರು. ದಾವಣಗೆರೆಯವರು ಕುರಾನಿನ ಯಾಸೀನ್ ಓದಿದರು. ಆಮೇಲೆ ತಟ್ಟೆಗಳು ಬಂದವು, ಮಾತು ಬೇರೆ ಕಡೆ ಹೊರಳಿತು. ಆಂಟಿ ಬಡಿಸುವ ಸೌಟು ಹಿಡಿದುಕೊಂಡೇ, ಮನಸ್ಸು ಎಲ್ಲೋ ಇಟ್ಟು, "ದೋಹಾ ಹೇಗಿದೆಯಮ್ಮಾ? ನಮ್ಮ ಮಗನೂ ಅಲ್ಲಿಗೆ ಹೋಗ್ತೀನಿ ಅಂತಿದಾನೆ," ಎಂದರು. ಅಂದ ತಕ್ಷಣ ಅವರಿಗೆ ತಿಳಿದು ಮುಖ ಸಣ್ಣದಾಯಿತು.

"ಚಂದ ಐತ್ರಿ," ಎಂದೆ ನಾನು. "ಭಾಳ ಕ್ಲೀನ್ ಇಟ್ಟಾರ. ಬ್ಯಾಸಿಗ್ಯಾಗ ಮಾತ್ರ ಹೋಗಬಾರ್ದು."

ಉಣ್ಣುತ್ತಿದ್ದವರೆಲ್ಲ ನನ್ನತ್ತ ತಿರುಗಿದರು. ಯಾಕೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಂಟಿ ಸೌಟು ಕೆಳಗಿಟ್ಟು ನನ್ನನ್ನು ಅಪ್ಪಿಕೊಂಡರು. ಅವರ ಸೀರೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ನಾನು ಅವರ ಬೆನ್ನು ತಟ್ಟಿದೆ.

ಎಲ್ಲರೂ ಹೋದ ಮೇಲೆ ಮಗಳು ನನ್ನ ಪಕ್ಕ ಬಂದು ಕೂತಳು. ಬಾಗಲಕೋಟೆಯವರು ನನ್ನ ಫೋನಿಗೆ ಅಣ್ಣನ ಗೋರಿ ಇರುವ ಜಾಗದ ಗುರುತನ್ನು ಮ್ಯಾಪಿನಲ್ಲಿ ಹಾಕಿ ಕಳಿಸಿದ್ದರು. ಅದನ್ನು ತೋರಿಸು ಎಂದಳು. ತೋರಿಸಿದೆ. ಎರಡು ಬೆರಳಿನಿಂದ ಹಿಗ್ಗಿಸುತ್ತ ಹೋದಳು. ಮೊದಲು ಕಡಲು ಅಂಚಿಗೆ ಸರಿದು ಮರೆಯಾಯಿತು, ಆಮೇಲೆ ರಸ್ತೆಗಳು ಅಗಲವಾದವು, ಆಮೇಲೆ ಆ ಉದ್ದನೆಯ ಗೋಡೆ.

"ಇಟ್ಸ್ ಜಸ್ಟ್ ಸ್ಯಾಂಡ್, ಮಮ್."

"ಹೂಂ. ಅಲ್ಲಿ ಕಲ್ಲು ಗಿಲ್ಲು ಕಟ್ಟೂದಿಲ್ಲ."

"ದೆನ್ ಹೌ ವಿಲ್ ವಿ ಫೈಂಡ್ ಹಿಮ್?"

"ಆ ಅಂಕಲ್‌ಗೆ ಗೊತ್ತೈತಿ," ಎಂದೆ. "ಅವ್ರು ಅಲ್ಲಿರೋತನಕ ಕೇಳಬಹುದು." ಅವಳು ಇನ್ನೂ ಸ್ವಲ್ಪ ಹಿಗ್ಗಿಸಿದಳು. ಚಿತ್ರ ಮಸುಕಾಗಿ, ಬರಿಯ ಕಂದು ಚೌಕಗಳು ಉಳಿದವು. ಅವಳು ಬೆರಳು ತೆಗೆಯಲಿಲ್ಲ. ಹೊರಗೆ ಬೆಳಕು ಇಳಿಯುತ್ತಿತ್ತು; ಒಣಹಾಕಿದ್ದ ಬಟ್ಟೆಗಳ ಮೇಲೆ ಆಗಲೇ ಇಬ್ಬನಿ ಕೂರತೊಡಗಿರಬೇಕು. ನಾನು ಎದ್ದು ಅವನ್ನು ತರಲು ಹೋದೆ.